‘ಎವಿನ್‌ದೆ’ಯಲ್ಲಿ ಆ ‘ನ್’ ಎಲ್ಲಿಂದ ಬಂತು?

ಪ್ರಶ್ನೆ: ಟರ್ಕಿಶ್‌ನಲ್ಲಿ ‘ಎವ್’ ಎಂದರೆ ಮನೆ, ‘ಎವಿ’ ಎಂದರೆ ಅವನ ಮನೆ, ‘ಎವ್‌ದೆ’ ಎಂದರೆ ಮನೆಯಲ್ಲಿ. ಹಾಗಾದರೆ ‘ಅವನ ಮನೆಯಲ್ಲಿ’ ಎನ್ನಲು ‘ಎವಿದೆ’ ಸಾಕಲ್ಲವೇ? ‘ಎವಿನ್‌ದೆ’ ಏಕೆ?

ಉತ್ತರ: ‘ಅವನ, ಅವಳ, ಅದರ’ ಎಂಬ ಪ್ರತ್ಯಯದ ಮೇಲೆ ವಿಭಕ್ತಿ ಕೂತರೆ ನಡುವೆ ‘ನ್’ ಬರಲೇಬೇಕು: ಎವಿನಿ (ಅವನ ಮನೆಯನ್ನು), ಎವಿನೆ (ಮನೆಗೆ), ಎವಿನ್‌ದೆನ್ (ಮನೆಯಿಂದ). ‘ನನ್ನ’ ಎಂಬುದಕ್ಕೆ ಈ ರಗಳೆಯಿಲ್ಲ, ಎವಿಮ್‌ದೆ, ಅಷ್ಟೇ. ಈ ‘ನ್’ ಸರ್ವನಾಮಗಳಲ್ಲೂ ಇದೆ: ‘ಬು’ (ಇದು) ‘ಬುನ್‌ದಾ’ (ಇದರಲ್ಲಿ) ಆಗುತ್ತದೆ. ಕನ್ನಡದ ‘ಇದು’ವಿಗೆ ‘ಅಲ್ಲಿ’ ಸೇರುವಾಗ ನಡುವೆ ‘ರ’ ನುಸುಳುವುದಿಲ್ಲವೇ, ಹಾಗೆಯೇ.

ಜೋಡಣೆಯ ಕ್ರಮ ಬದಲಾಗುವುದಿಲ್ಲ: ಪದ, ಬಹುವಚನ, ಯಾರದು, ಕೊನೆಗೆ ವಿಭಕ್ತಿ. ‘ಎವ್-ಲೆರ್-ಇಮ್-ದೆ’ ಎಂದರೆ ನನ್ನ ಮನೆಗಳಲ್ಲಿ.

ಕಲಿಯುವವರು ಹೆಚ್ಚಾಗಿ ಎಡವುವುದು ಸಮಾಸಪದಗಳಲ್ಲಿ. ‘ಮೆರ್ಕೆಜ್’ ಎಂದರೆ ಕೇಂದ್ರ, ‘ಶೆಹಿರ್ ಮೆರ್ಕೆಜಿ’ ಎಂದರೆ ನಗರಕೇಂದ್ರ. ಕೊನೆಯ ‘ಇ’ ಯಾರ ಒಡೆತನವನ್ನೂ ಹೇಳುತ್ತಿಲ್ಲ, ಎರಡು ನಾಮಪದಗಳನ್ನು ಬೆಸೆದಿದೆ ಅಷ್ಟೆ. ಆದರೂ ಅದು ಅದೇ ಪ್ರತ್ಯಯ. ಆದ್ದರಿಂದ ‘ಕೇಂದ್ರದಲ್ಲಿ’ ಎನ್ನಲು ‘ಮೆರ್ಕೆಜ್‌ದೆ’, ‘ನಗರಕೇಂದ್ರದಲ್ಲಿ’ ಎನ್ನಲು ‘ಶೆಹಿರ್ ಮೆರ್ಕೆಜಿನ್‌ದೆ’. ‘ಮೆರ್ಕೆಜಿದೆ’ ಎಂದರೆ ಹೊಸಬರೆಂದು ಕೂಡಲೇ ಗೊತ್ತಾಗುತ್ತದೆ.

ಇನ್ನೊಂದು ತೊಡಕು ನಿಜಕ್ಕೂ ಭಾಷೆಯದೇ. ‘ನಿನ್ನ’ ಎಂಬುದರ ಪ್ರತ್ಯಯ ‘ಇನ್’. ಹಾಗಾಗಿ ‘ಎವ್-ಇನ್-ಇ’ (ನಿನ್ನ ಮನೆಯನ್ನು), ‘ಎವ್-ಇ-ನ್-ಇ’ (ಅವನ ಮನೆಯನ್ನು) ಎರಡೂ ಕಿವಿಗೂ ಕಾಗದದ ಮೇಲೂ ಒಂದೇ. ‘ಎವಿನಿ ಸೆವ್‌ದಿಮ್’ ಎಂದರೆ ಮೆಚ್ಚಿದ್ದು ಯಾರ ಮನೆಯನ್ನು? ಸಂದರ್ಭ ತಿಳಿಸದಿದ್ದರೆ ಮುಂದೆ ‘ಸೆನಿನ್’ (ನಿನ್ನ) ಅಥವಾ ‘ಓನುನ್’ (ಅವನ) ಸೇರಿಸಿ. ಸ್ವರಾಂತ ಪದಗಳಲ್ಲಿ ಈ ಗೊಂದಲವಿಲ್ಲ, ಏಕೆಂದರೆ ‘ಅವನ’ ಎನ್ನುವಾಗ ‘ಸ’ಕಾರ ಬರುತ್ತದೆ: ‘ಅನ್ನೆನಿ’ ನಿನ್ನ ತಾಯಿಯನ್ನು, ‘ಅನ್ನೆಸಿನಿ’ ಅವನ ತಾಯಿಯನ್ನು.

‘ಜೊತೆಗೆ’ ಎಂಬ ‘-ಲೆ’ ಮಾತ್ರ ಈ ‘ನ್’ ಬೇಡುವುದಿಲ್ಲ: ‘ಅನ್ನೆಸಿಯ್‌ಲೆ’, ಅವನ ತಾಯಿಯೊಂದಿಗೆ. ಅದು ಮೂಲತಃ ‘ಇಲೆ’ ಎಂಬ ಬಿಡಿ ಪದ, ಇಂದಿಗೂ ಬಿಡಿಯಾಗಿ ಬರೆಯುವುದುಂಟು.

ಅಂದಹಾಗೆ, ನಿಮ್ಮ ‘ಎವಿದೆ’ಯ ತರ್ಕ ತುರ್ಕಿಕ್ ಬಳಗಕ್ಕೆ ಹೊರತಾದುದಲ್ಲ. ಉಜ್ಬೆಕ್ ಈ ‘ನ್’ ಅನ್ನು ಕೈಬಿಟ್ಟಿದೆ. ಅಲ್ಲಿ ಮನೆಗೆ ‘ಉಯ್’, ಅವನ ಮನೆಯಲ್ಲಿ ಎನ್ನಲು ‘ಉಯಿದಾ’. ಆದರೆ ಕಜಖ್ ಟರ್ಕಿಶ್‌ನಂತೆಯೇ ಅದನ್ನು ಉಳಿಸಿಕೊಂಡಿದೆ.