ಡಿ ಡ್ರೈವ್‌ನಲ್ಲಿ ಇಟ್ಟರೆ ಬ್ಯಾಕಪ್ ಆಗುವುದಿಲ್ಲ

ಹಳೆ ಕಂಪ್ಯೂಟರ್‌ಗೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲು ಹಾಕುವ, ಒಳಗೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಲು ನನ್ನ ಅಂಗಡಿಗೆ ಬಂದವರಿಗೆಲ್ಲ ನಾನು ಮೊದಲು ಕೇಳುವುದು ಒಂದೇ: ನಿಮ್ಮ ಫೈಲ್‌ಗಳ ಇನ್ನೊಂದು ಕಾಪಿ ಬೇರೆ ಎಲ್ಲಾದರೂ ಇದೆಯಾ? ಕಲಬುರಗಿಯಲ್ಲಿ ಇದಕ್ಕೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. "ಎಲ್ಲಾ ಡಿ ಡ್ರೈವ್‌ನ್ಯಾಗ ಅದರಿ ಸರ್. ಏನೂ ಆಗಲ್ಲ ಬಿಡ್ರಿ." ಹೇಳುವವರ ಮುಖದಲ್ಲಿ ಎಷ್ಟು ನೆಮ್ಮದಿ ಇರುತ್ತದೋ ನನಗೆ ಅಷ್ಟೇ ಭಯವಾಗುತ್ತದೆ.

ಸಿ ಮತ್ತು ಡಿ ಎರಡು ಬೇರೆ ಡಿಸ್ಕ್ ಎಂದು ತುಂಬಾ ಜನ ನಂಬಿದ್ದಾರೆ. ಬಹಳಷ್ಟು ಲ್ಯಾಪ್‌ಟಾಪ್‌ಗಳ ಒಳಗೆ ಇರುವುದು ಒಂದೇ ಡಿಸ್ಕ್. ಅದನ್ನೇ ಪಾರ್ಟಿಷನ್ ಮಾಡಿ ಎರಡು ಅಕ್ಷರ ಕೊಟ್ಟಿರುತ್ತಾರೆ. ಒಂದೇ ಹೊಲಕ್ಕೆ ನಡುವೆ ಬದು ಹಾಕಿದ ಹಾಗೆ. ಮಳೆ ಕೈಕೊಟ್ಟರೆ ಬದುವಿನ ಎರಡೂ ಕಡೆ ತೊಗರಿ ಒಣಗುತ್ತದೆ ಅಲ್ವಾ? ಈ ನಂಬಿಕೆ ಎಲ್ಲಿಂದ ಬಂತು ಅನ್ನುವುದೂ ನನಗೆ ಗೊತ್ತು. ವಿಂಡೋಸ್ ಕೆಟ್ಟಾಗ ಅಂಗಡಿಯವರು ಸಿ ಮಾತ್ರ ಫಾರ್ಮ್ಯಾಟ್ ಮಾಡಿ ಕೊಡುತ್ತಿದ್ದರು. ಡಿ ಹಾಗೇ ಉಳಿಯುತ್ತಿತ್ತು. ವಿಂಡೋಸ್ ಕೆಟ್ಟರೆ ಡಿ ಕಾಪಾಡುತ್ತದೆ, ನಿಜ. ಡಿಸ್ಕೇ ಕೆಟ್ಟರೆ ಡಿ ಕೂಡ ಅದರ ಜೊತೆಗೇ ಹೋಗುತ್ತದೆ.

ವೇಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಮ್ಮೆ ಎಸ್‌ಎಸ್‌ಡಿ ಬಳಸಿದವರು ಹಿಂದೆ ಹೋಗುವುದಿಲ್ಲ. ಹಳೆ ಹಾರ್ಡ್ ಡಿಸ್ಕ್ ಕನೆಕ್ಟರ್‌ಗೇ ಕೂರುವ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಲ್ಯಾಪ್‌ಟಾಪ್‌ನ ಹಳೆ ಹಾರ್ಡ್ ಡಿಸ್ಕ್ 100ರ ಆಸುಪಾಸು. ನನ್ನ ತಕರಾರು ಇರುವುದು ಎಸ್‌ಎಸ್‌ಡಿ ಹಾಕಿದ ಮೇಲೆ ಜನ ಮಾಡುವ ಕೆಲಸದ ಬಗ್ಗೆ.

ವಿಂಡೋಸ್ ಹೊಸ ಎಸ್‌ಎಸ್‌ಡಿಗೆ ಬಂತು. ಹಳೆ ಹಾರ್ಡ್ ಡಿಸ್ಕ್ ಖಾಲಿ ಕೂತಿದೆ. ಅದನ್ನು ಡಿವಿಡಿ ಡ್ರೈವ್ ಜಾಗದಲ್ಲಿ ಕೂರಿಸುತ್ತಾರೆ, ಇಲ್ಲವೇ ಒಂದು ಯುಎಸ್‌ಬಿ ಕೇಸ್‌ಗೆ ಹಾಕಿಸಿಕೊಳ್ಳುತ್ತಾರೆ. ಆಮೇಲೆ ಮದುವೆ ಫೋಟೊ, ಮಕ್ಕಳ ಮಾರ್ಕ್ಸ್‌ಕಾರ್ಡ್, ಹೊಲದ ಪಹಣಿ, ಅಂಗಡಿ ಲೆಕ್ಕ ಎಲ್ಲವನ್ನೂ ಅದಕ್ಕೆ ಕಟ್ ಮಾಡಿ ಪೇಸ್ಟ್ ಮಾಡುತ್ತಾರೆ. "ಬ್ಯಾಕಪ್ ಆಯ್ತಲ್ರಿ ಸರ್?" ಇಲ್ಲ, ಆಗಿಲ್ಲ. ಒಂದು ಇದ್ದದ್ದು ಒಂದೇ ಇದೆ. ಇದ್ದ ಜಾಗ ಬದಲಾಗಿದೆ ಅಷ್ಟೇ. ಅದೂ ಎಲ್ಲಿಗೆ ಹೋಯಿತು ನೋಡಿ. ವರ್ಷಗಟ್ಟಲೆ ಧೂಳು ಕುಡಿದು, ಬೇಸಿಗೆಯ ಸೆಕೆ ತಿಂದು, ಕರೆಂಟ್ ಹೋದಾಗೆಲ್ಲ ಧಡಕ್ಕನೆ ನಿಂತು ದಣಿದ ಡಿಸ್ಕಿಗೆ. ಇಡೀ ಕಂಪ್ಯೂಟರ್‌ನಲ್ಲಿ ಮೊದಲು ಸಾಯುವ ಸಾಧ್ಯತೆ ಇರುವುದು ಅದೇ. ಮತ್ತೆ ಹಾಕಿಕೊಳ್ಳಬಹುದಾದ ವಿಂಡೋಸ್‌ಗೆ ಹೊಸ ಜಾಗ, ಮತ್ತೆ ಎಲ್ಲೂ ಸಿಗದ ಫೋಟೊಗಳಿಗೆ ಹಳೆ ಜಾಗ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬ್ಯಾಕಪ್ ಅನ್ನಬೇಕಾದರೆ ಒಂದೇ ಫೈಲ್ ಒಂದೇ ಸಮಯಕ್ಕೆ ಎರಡು ಬೇರೆ ಡಿಸ್ಕ್‌ಗಳಲ್ಲಿ ಇರಬೇಕು. ಅದರಲ್ಲಿ ಒಂದು ಕಂಪ್ಯೂಟರ್‌ನ ಹೊರಗೆ ಇರಬೇಕು, ಕೇಬಲ್ ಬಿಚ್ಚಿ ಇಟ್ಟಿರಬೇಕು. ಯಾವಾಗಲೂ ಸಿಕ್ಕಿಸಿಟ್ಟ ಡಿಸ್ಕನ್ನು ವೈರಸ್ ಕೂಡ ಬಿಡುವುದಿಲ್ಲ. ಕಟ್ ಬೇಡ, ಕಾಪಿ ಮಾಡಿ. ಈ ಮಾತನ್ನು ನಾನು ಬಿಲ್ಲಿನ ಹಿಂದೆಯೂ ಬರೆದು ಕೊಡುತ್ತೇನೆ.

ಎಸ್‌ಎಸ್‌ಡಿ ಬಂದ ಮೇಲೆ ಇದು ಇನ್ನೂ ಮುಖ್ಯ. ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಫೈಲ್ ಮೇಲೆ ಬೇರೇನೂ ಬರೆಯದಿದ್ದರೆ ರಿಕವರಿ ಸಾಫ್ಟ್‌ವೇರ್ ಹಾಕಿ ಎಷ್ಟೋ ಸಲ ವಾಪಸ್ ತೆಗೆಯಬಹುದಿತ್ತು. ಎಸ್‌ಎಸ್‌ಡಿಯಲ್ಲಿ ಫೈಲ್ ಅಳಿಸಿ ರಿಸೈಕಲ್ ಬಿನ್ ಖಾಲಿ ಮಾಡಿದರೆ, ಆ ಜಾಗ ಇನ್ನು ಬೇಡ ಎಂದು ವಿಂಡೋಸ್ ಡ್ರೈವ್‌ಗೆ ತಿಳಿಸುತ್ತದೆ. ಇದಕ್ಕೆ ಟ್ರಿಮ್ ಅನ್ನುತ್ತಾರೆ. ಡ್ರೈವ್ ತನ್ನ ಪಾಡಿಗೆ ಆ ಜಾಗ ಒರೆಸಿಬಿಡುತ್ತದೆ. ಆಮೇಲೆ ಹೈದರಾಬಾದಿನ ಡೇಟಾ ರಿಕವರಿಯವರ ಹತ್ತಿರ ಒಯ್ದರೂ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ.

ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಯ ಕಾಕಾ ಒಬ್ಬರು ಮದುವೆ ಸೀಸನ್ ನಡುವೆಯೇ ಕಂಪ್ಯೂಟರ್ ತಂದರು. "ಫೈಲ್ ಎಲ್ಲಾ ಡಿದಾಗ ಅವ, ನೀ ಹೊಸಾದಾಗಿ ವಿಂಡೋಸ್ ಹಾಕಪ್ಪ." ಹಾಕಿದೆ. ಮರುದಿನ ಫೋನ್ ಬಂತು. ಪತ್ರಿಕೆ ತೆರೆದರೆ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಗೋಜಲು. ಅವರ ಫೈಲ್‌ಗಳು ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಕ್ಷರ ಸಂಕೇತಕ್ಕೆ ಮುಂಚಿನ ನುಡಿ ಫಾಂಟ್‌ಗಳಲ್ಲಿದ್ದವು. ಅಂಥ ಫೈಲಿಗೆ ಆ ಫಾಂಟೇ ಬೇಕು. ಫಾಂಟ್ ಇರುವುದು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗೆ. ಹಳೆ ಡಿಸ್ಕ್ ಫಾರ್ಮ್ಯಾಟ್ ಮಾಡಬೇಡಿ ಎಂದು ಬೇಡಿಕೊಂಡಿದ್ದೆ, ಪುಣ್ಯಕ್ಕೆ ಕಾಕಾ ಮಾಡಿರಲಿಲ್ಲ. ಅದರಿಂದ ಫಾಂಟ್‌ಗಳನ್ನೆಲ್ಲ ತಂದು ಹಾಕಿದೆವು, ಸಂಜೆಗೆ ಪ್ರಿಂಟ್ ಶುರುವಾಯಿತು. ಕಾಕಾ ಚುರುಮುರಿ ತರಿಸಿದರು.

ಬೇಳೆ ಮಿಲ್ಲಿನ ಲೆಕ್ಕ ಬರೆಯುವವರೊಬ್ಬರಿಗೆ ಹೀಗೆ ಒಳ್ಳೆಯದಾಗಲಿಲ್ಲ. ಬೇರೆ ಕಡೆ ಎಸ್‌ಎಸ್‌ಡಿ ಹಾಕಿಸಿ, ಜಾಗ ಬೇಕೆಂದು ಹಳೆ ಡಿಸ್ಕನ್ನು ಅವತ್ತೇ ಅಳಿಸಿ ಸಿನಿಮಾ ತುಂಬಿಸಿದ್ದರು. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್‌ನ ಡೇಟಾ ಸಿ ಡ್ರೈವ್‌ನ ಪಬ್ಲಿಕ್ ಫೋಲ್ಡರ್ ಒಳಗಿತ್ತು. ಅವರು ಅದನ್ನು ನೋಡಿಯೇ ಇರಲಿಲ್ಲ. ನನ್ನ ಹತ್ತಿರ ಬರುವಷ್ಟರಲ್ಲಿ ಅದರ ಮೇಲೆ ಎಲ್ಲ ಬರೆದುಹೋಗಿತ್ತು. ಅವರ ಮುಖ ನೋಡಲು ಕಷ್ಟವಾಯಿತು.

ಬರೆದು ಬರೆದು ಎಸ್‌ಎಸ್‌ಡಿ ಸವೆಯುತ್ತದೆ ಎಂದು ಹೆದರಿ ಎಲ್ಲವನ್ನೂ ಹಾರ್ಡ್ ಡಿಸ್ಕಿನಲ್ಲೇ ಇಡುವವರೂ ಇದ್ದಾರೆ. ಸುಮ್ನೆ ಹೆದರಬೇಡಿ. ಸ್ಯಾಮ್‌ಸಂಗ್ 870 ಇವೊ 500 ಜಿಬಿಗೆ 300 ಟಿಬಿ (3 ಲಕ್ಷ ಜಿಬಿ) ಬರೆಯುವವರೆಗೆ ವಾರಂಟಿ ಇದೆ, ಐದು ವರ್ಷದ ಮಿತಿಯೊಳಗೆ. ದಿನಕ್ಕೆ 20 ಜಿಬಿ ಬರೆದರೂ ಅಷ್ಟು ಬರೆಯಲು 40 ವರ್ಷ ಬೇಕು. ದಿನಾ ಬೇಕಾಗುವ ಕೆಲಸದ ಫೈಲ್ ಎಸ್‌ಎಸ್‌ಡಿಯಲ್ಲೇ ಇರಲಿ. ಐದರಲ್ಲಿ ಒಂದು ಭಾಗ ಖಾಲಿ ಬಿಡಿ, ಡಿಫ್ರಾಗ್ (ಚದುರಿದ ಫೈಲ್ ತುಣುಕುಗಳನ್ನು ಒಟ್ಟುಗೂಡಿಸುವುದು) ಮಾಡಲು ಹೋಗಬೇಡಿ. ಆದರೆ ಬೀರುವಿನಲ್ಲಿ ಎತ್ತಿಡುವ ಕಾಪಿಗೆ ನಾನು ಹೊಸ ಹಾರ್ಡ್ ಡಿಸ್ಕನ್ನೇ ಹೇಳುತ್ತೇನೆ. ಬರೆಯುವ ಆಯುಷ್ಯ ಮುಗಿದ ಎಸ್‌ಎಸ್‌ಡಿ ಕರೆಂಟ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಹಿಡಿದಿಡಬೇಕು ಎನ್ನುವುದು ಚಿಪ್‌ಗಳಿಗೆ ನಿಯಮ ಮಾಡುವ ಜೆಡೆಕ್ ಸಂಸ್ಥೆಯ ಮಾನದಂಡ. ಸೆಕೆ ಹೆಚ್ಚಿದಷ್ಟೂ ಆ ಅವಧಿ ಕಡಿಮೆ. ನಮ್ಮಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಹೊಸ ಎಸ್‌ಎಸ್‌ಡಿಗೆ ಅಷ್ಟು ಚಿಂತೆ ಇಲ್ಲ, ಆದರೂ ಅಪಾಯ ಯಾಕೆ?

ಹೊಸ ಲ್ಯಾಪ್‌ಟಾಪ್ ಆದರೆ ಇನ್ನೊಂದು ಎಚ್ಚರ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆ ಹಾಕಿದಾಗ ಎಷ್ಟೋ ಸಲ ಡಿಸ್ಕ್ ತಾನಾಗಿ ಲಾಕ್ ಆಗಿರುತ್ತದೆ. ಅದರ 48 ಅಂಕಿಯ ಕೀಲಿ ಆ ಖಾತೆಯಲ್ಲಿ ಇರುತ್ತದೆ. ತರುವ ಮೊದಲು ಬರೆದುಕೊಂಡು ಬನ್ನಿ. ಕೀಲಿ ಇಲ್ಲದೆ ನಾನು ಡಿಸ್ಕ್ ಮುಟ್ಟುವುದಿಲ್ಲ.

ಹಳೆ ಡಿಸ್ಕಿನಲ್ಲಿದ್ದುದೆಲ್ಲ ಹಾಗೇ ಎಸ್‌ಎಸ್‌ಡಿಗೆ ನಕಲಾದ (ಕ್ಲೋನ್) ಮೇಲೆ ಹಳೆ ಡಿಸ್ಕ್ ಬಿಚ್ಚಿಟ್ಟು ಒಮ್ಮೆ ಆನ್ ಮಾಡಿ. ಎರಡೂ ಇದ್ದರೆ ಕೆಲವೊಮ್ಮೆ ಹಳೆಯದರಿಂದಲೇ ವಿಂಡೋಸ್ ಶುರುವಾಗುತ್ತದೆ, ನೀವು "ಸ್ಪೀಡೇ ಆಗಿಲ್ಲ" ಅನ್ನುತ್ತೀರಿ. ಆ ಹಳೆ ಡಿಸ್ಕನ್ನು ಒಂದು ತಿಂಗಳು ಹಾಗೇ ಇಡಿ. ಒಂದು ಜಿಎಸ್‌ಟಿ ರಿಟರ್ನ್ ಹಾಕಿ, ಪ್ರಿಂಟರ್ ಓಡಿಸಿ, ಹಳೆ ಫೈಲ್ ನಾಲ್ಕು ತೆರೆದು ನೋಡಿ. ಫಾರ್ಮ್ಯಾಟ್ ಮಾತು ಆಮೇಲೆ.