ಕ್ಲೋಜಪಿನ್ ಕೊಡುವಾಗ ವಾರ ವಾರ ರಕ್ತಪರೀಕ್ಷೆ ಇನ್ನೂ ಬೇಕೇ?

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯ. ಮನೋವೈದ್ಯರು ಶುರು ಮಾಡಿದ ಕ್ಲೋಜಪಿನ್ (ಬೇರೆ ಔಷಧಗಳಿಗೆ ಜಗ್ಗದ ಸ್ಕಿಜೋಫ್ರೀನಿಯಾಕ್ಕೆ ಕೊಡುವ ಮಾತ್ರೆ) ಅನ್ನು ಮುಂದುವರಿಸುವ ಜವಾಬ್ದಾರಿ ನಮ್ಮ ಮೇಲೆ ಬೀಳುತ್ತದೆ. ಅಮೆರಿಕದಲ್ಲಿ ಈ ಔಷಧಕ್ಕಿದ್ದ ರಕ್ತಪರೀಕ್ಷೆಯ ಕಡ್ಡಾಯವನ್ನು ತೆಗೆದುಹಾಕಿದ್ದಾರೆ ಎಂದು ಓದಿದೆ. ರೋಗಿಗಳು ದೂರದ ಹಳ್ಳಿಗಳಿಂದ ಬರಬೇಕು. ನಾವೂ ವಾರದ ಪರೀಕ್ಷೆ ನಿಲ್ಲಿಸಬಹುದೇ?

ಉತ್ತರ: ಮೊದಲ 18 ವಾರ ಖಂಡಿತ ನಿಲ್ಲಿಸಬೇಡಿ. ವರ್ಷ ದಾಟಿದ, ನ್ಯೂಟ್ರೋಫಿಲ್ (ಸೋಂಕಿನೊಂದಿಗೆ ಹೋರಾಡುವ ಬಿಳಿ ರಕ್ತಕಣ) ಕೌಂಟ್ ಎಂದೂ ಕುಸಿಯದ ರೋಗಿಗೆ ಪರೀಕ್ಷೆಯ ಅಂತರ ಹೆಚ್ಚಿಸಬಹುದು. ಒಂದು ಪರೀಕ್ಷೆ ತಪ್ಪಿತೆಂದು ಮಾತ್ರೆ ತಡೆಹಿಡಿಯುವುದನ್ನು ಮಾತ್ರ ಬಿಟ್ಟುಬಿಡಬೇಕು.

ಅಮೆರಿಕದಲ್ಲಿ ನಡೆದದ್ದೇನು ಎಂಬುದನ್ನು ಮೊದಲು ನೋಡೋಣ. ಅಲ್ಲಿ ರೋಗಿಯ ಹೆಸರು, ರಕ್ತದ ವರದಿ, ಔಷಧ ಅಂಗಡಿ ಮೂರನ್ನೂ ಒಂದೇ ನೋಂದಣಿ ವ್ಯವಸ್ಥೆಗೆ ಬಿಗಿದಿದ್ದರು. ವರದಿ ದಾಖಲಾಗದಿದ್ದರೆ ಮಾತ್ರೆ ಸಿಗುವುದೇ ಕಷ್ಟವಾಗುತ್ತಿತ್ತು. 2024ರ ನವೆಂಬರಿನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಸಲಹಾ ಸಮಿತಿ 14–1 ಮತಗಳಿಂದ ಇದು ಅಗತ್ಯವಿಲ್ಲ ಎಂದಿತು. 2025ರ ಫೆಬ್ರವರಿಯಲ್ಲಿ ಎಫ್‌ಡಿಎ ಅದನ್ನು ಕೈಬಿಡುವುದಾಗಿ ಪ್ರಕಟಿಸಿ, ಜೂನ್‌ನಲ್ಲಿ ಪೂರ್ತಿ ತೆಗೆಯಿತು. ತೆಗೆದದ್ದು ಈ ಬೀಗವನ್ನು. ನ್ಯೂಟ್ರೋಫಿಲ್ ಎಣಿಕೆಯನ್ನು ಹಿಂದಿನ ಅಂತರಗಳಲ್ಲೇ ಮಾಡಿಸಿ ಎಂಬ ಸಲಹೆ ಹಾಗೆಯೇ ಉಳಿದಿದೆ. ಭಾರತದಲ್ಲಿ ಅಂಥ ರಾಷ್ಟ್ರೀಯ ನೋಂದಣಿ ಇಲ್ಲ. ಚೀಟಿ ಹಿಡಿದು ಹೋದರೆ ಅಂಗಡಿಯವರು ಮಾತ್ರೆ ಕೊಡುತ್ತಾರೆ, ವರದಿ ಕೇಳುವುದಿಲ್ಲ. ಬೀಗವೇ ಇಲ್ಲದ ಕಡೆ ಬೀಗ ತೆಗೆದ ಸುದ್ದಿ ಕೇಳಿ ಪರೀಕ್ಷೆ ಬಿಟ್ಟರೆ, ರೋಗಿಗೆ ಇದ್ದ ಒಂದೇ ಕಾವಲೂ ಹೋದಂತೆ.

ಈ ಔಷಧದ ಬಗ್ಗೆ ಭಯ ಹುಟ್ಟಿದ್ದು 1975ರಲ್ಲಿ. ಫಿನ್ಲೆಂಡಿನಲ್ಲಿ ಕ್ಲೋಜಪಿನ್ ತೆಗೆದುಕೊಳ್ಳುತ್ತಿದ್ದ ಹಲವರಿಗೆ ಬಿಳಿ ರಕ್ತಕಣ ಬತ್ತಿ, ಸೋಂಕು ತಗುಲಿ ಸಾವುಗಳಾದವು. ಹಲವು ದೇಶಗಳು ಔಷಧವನ್ನು ಹಿಂತೆಗೆದುಕೊಂಡವು. ಅದು ಮರಳಿದ್ದು 1988ರ ಅಧ್ಯಯನದಿಂದ: ಬೇರೆ ಔಷಧಗಳಿಗೆ ಜಗ್ಗದ 268 ಸ್ಕಿಜೋಫ್ರೀನಿಯಾ ರೋಗಿಗಳಲ್ಲಿ, ಆರು ವಾರಗಳಲ್ಲಿ, ಹಳೆಯ ಔಷಧವಾದ ಕ್ಲೋರ್‌ಪ್ರೋಮಜೀನ್ ಪಡೆದವರ ಪೈಕಿ 4% ಮಂದಿ ಸುಧಾರಿಸಿದರೆ ಕ್ಲೋಜಪಿನ್ ಪಡೆದವರಲ್ಲಿ 30% ಮಂದಿ ಸುಧಾರಿಸಿದರು. ಆತ್ಮಹತ್ಯೆಯ ಯತ್ನ ಕಡಿಮೆ ಮಾಡುವ ಉಪಯೋಗಕ್ಕೂ ಇದಕ್ಕೆ ಅನುಮತಿಯಿದೆ. ಇಂಥ ಔಷಧವನ್ನು ಹೆದರಿಕೆಯಿಂದ ವರ್ಷಗಟ್ಟಲೆ ಮುಂದೂಡುವುದೂ ರೋಗಿಗೆ ಆಗುವ ಹಾನಿಯೇ ಎಂದು ನಾವು ನಂಬುತ್ತೇವೆ.

ತೀವ್ರ ಕುಸಿತ, ಅಂದರೆ ರಕ್ತದ ಪ್ರತಿ ಮೈಕ್ರೋಲೀಟರಿಗೆ ನ್ಯೂಟ್ರೋಫಿಲ್ 500ಕ್ಕಿಂತ ಕೆಳಗಿಳಿಯುವುದು, ನೂರಕ್ಕೆ ಸುಮಾರು ಒಬ್ಬರಲ್ಲಿ. ಅದರಲ್ಲಿ ಬಹುಪಾಲು ಮೊದಲ 18 ವಾರಗಳಲ್ಲೇ. ಮೊದಲ ವರ್ಷ ಕಳೆದ ಮೇಲೆ ತೀರಾ ವಿರಳ. ಈ ಲೆಕ್ಕವನ್ನೇ ಆಧರಿಸಿ ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ಅಂತರ ಸಡಿಲಿಸಿತು: 18 ವಾರ ವಾರಕ್ಕೊಮ್ಮೆ, ಅಲ್ಲಿಂದ ವರ್ಷ ತುಂಬುವವರೆಗೆ ತಿಂಗಳಿಗೊಮ್ಮೆ, ಎರಡನೇ ವರ್ಷ 12 ವಾರಕ್ಕೊಮ್ಮೆ, ಎರಡು ವರ್ಷ ಕುಸಿತವೇ ಕಾಣದಿದ್ದರೆ ವರ್ಷಕ್ಕೊಮ್ಮೆ. ಅಮೆರಿಕದ ಪಟ್ಟಿ ಬಿಗಿ: ಆರು ತಿಂಗಳು ವಾರಕ್ಕೊಮ್ಮೆ, ಮುಂದಿನ ಆರು ತಿಂಗಳು ಹದಿನೈದು ದಿನಕ್ಕೊಮ್ಮೆ, ನಂತರ ತಿಂಗಳಿಗೊಮ್ಮೆ. ದೂರದಿಂದ ಬಸ್ ಹಿಡಿದು ಬರುವ ರೋಗಿಗೆ ಯುರೋಪಿನ ಕ್ರಮವೇ ನಡೆಯುವಂಥದ್ದು. ಯಾವ ಕ್ರಮ ಅನುಸರಿಸುತ್ತಿದ್ದೀರಿ ಎಂಬುದನ್ನು ಔಷಧ ಬರೆಯುವ ಮನೋವೈದ್ಯರೊಂದಿಗೆ ಮಾತಾಡಿ, ರೋಗಿಯ ಪುಸ್ತಕದಲ್ಲೇ ಬರೆದಿಡಿ.

ಈಗ ವರದಿ ಓದುವ ವಿಷಯ. ಹೆಚ್ಚಿನ ತಪ್ಪು ಆಗುವುದು ಇಲ್ಲೇ. ಲ್ಯಾಬ್ ಚೀಟಿಯಲ್ಲಿ ಟೋಟಲ್ ಕೌಂಟ್ (ಒಟ್ಟು ಬಿಳಿ ರಕ್ತಕಣ) 4,200 ಎಂದಿದೆ, ಪಕ್ಕದಲ್ಲಿ 4,000ದಿಂದ 11,000 ನಾರ್ಮಲ್ ಎಂದು ಅಚ್ಚಾಗಿದೆ. ಕಣ್ಣು ಅಲ್ಲಿಗೇ ನಿಲ್ಲುತ್ತದೆ. ಕೆಳಗಿನ ಸಾಲಿನಲ್ಲಿ ನ್ಯೂಟ್ರೋಫಿಲ್ 34%. ಗುಣಿಸಿ ನೂರರಿಂದ ಭಾಗಿಸಿ: 1,428. ಟೋಟಲ್ ಕೌಂಟ್ ನಾರ್ಮಲ್, ಆದರೂ ಈ ರೋಗಿ 1,500ರ ಗೆರೆಯ ಕೆಳಗಿದ್ದಾನೆ. ಆದ್ದರಿಂದ ಟೋಟಲ್ ಕೌಂಟ್ ಒಂದನ್ನೇ ಬರೆದುಕೊಡುವ ಲ್ಯಾಬ್‌ನ ವರದಿ ಕ್ಲೋಜಪಿನ್‌ಗೆ ಸಾಲದು. ಡಿಫರೆನ್ಷಿಯಲ್, ಅಂದರೆ ಬಿಳಿ ಕಣಗಳ ವಿಧವಾರು ಎಣಿಕೆ, ಬೇಕೇ ಬೇಕು. ಬಿಳಿ ಕಣಗಳನ್ನು ಮೂರೇ ಗುಂಪಾಗಿ ವಿಂಗಡಿಸುವ ಯಂತ್ರವಾದರೆ ಅದರ ಗ್ರಾನ್ಯುಲೋಸೈಟ್ ಅಂಕಿಯಲ್ಲಿ ಇಯೋಸಿನೋಫಿಲ್ ಎಂಬ ಬೇರೆ ಬಿಳಿ ಕಣವೂ ಸೇರಿರಬಹುದು. ಅನುಮಾನ ಬಂದರೆ ಸ್ಮಿಯರ್ (ಗಾಜಿನ ಮೇಲೆ ಹರಡಿದ ರಕ್ತ) ಮಾಡಿಸಿ, ಕೈಯಲ್ಲೇ ನೂರು ಕಣ ಎಣಿಸಲು ಹೇಳಿ.

ಔಷಧ ಶುರು ಮಾಡಲು 1,500 ಇರಬೇಕು. ಚಿಕಿತ್ಸೆಯ ನಡುವೆ 1,000ದಿಂದ 1,499ಕ್ಕೆ ಇಳಿದರೆ ಔಷಧ ಮುಂದುವರಿಸಿ, ವಾರಕ್ಕೆ ಮೂರು ಸಲ ನೋಡಿ. 1,000ಕ್ಕಿಂತ ಕೆಳಗೆ ಬಂದರೆ ಔಷಧ ನಿಲ್ಲಿಸಿ, ದಿನಾ ಎಣಿಸಿ, ಮನೋವೈದ್ಯರಿಗೆ ಅಂದೇ ಫೋನ್ ಮಾಡಿ. 500ಕ್ಕಿಂತ ಕೆಳಗಾದರೆ ಅದು ತುರ್ತು. ರಕ್ತರೋಗ ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಕಳುಹಿಸಿ. ಅಂಥವರಿಗೆ ಮತ್ತೆ ಕ್ಲೋಜಪಿನ್ ಕೊಡುವ ಮಾತು ಸಾಮಾನ್ಯವಾಗಿ ಮುಗಿದಂತೆ. ಕೌಂಟ್ ಬರುವವರೆಗೆ ಕಾಯಬಾರದ ಒಂದು ಸಂದರ್ಭವೂ ಇದೆ: ಜ್ವರ, ಗಂಟಲು ನೋವು, ಬಾಯಿಹುಣ್ಣು. ಕ್ಲೋಜಪಿನ್ ರೋಗಿ ಇವುಗಳೊಂದಿಗೆ ಬಂದರೆ ಪ್ಯಾರಾಸಿಟಮಾಲ್ ಕೊಟ್ಟು ಮನೆಗೆ ಕಳುಹಿಸಬೇಡಿ, ಅದೇ ದಿನ ಸಿ.ಬಿ.ಸಿ. (ಪೂರ್ಣ ರಕ್ತಕಣ ಎಣಿಕೆ) ಮಾಡಿಸಿ.

ಸುಳ್ಳು ಎಚ್ಚರಿಕೆಗಳೂ ಉಂಟು. ಬೆಳಗಿನ ಜಾವ ನ್ಯೂಟ್ರೋಫಿಲ್ ಎಣಿಕೆ ಸಹಜವಾಗಿ ಕಡಿಮೆ. ಎಂಟು ಗಂಟೆಗೆ 1,428 ಬಂದವನಿಗೆ ಊಟ ಮಾಡಿಸಿ, ಸ್ವಲ್ಪ ನಡೆದಾಡಿಸಿ ಮಧ್ಯಾಹ್ನ ಮತ್ತೆ ರಕ್ತ ತೆಗೆದರೆ ಅಂಕಿ 1,500 ದಾಟಿರಬಹುದು. ಮಳೆಗಾಲದಲ್ಲಿ ಡೆಂಗಿ ಬಂದವರಿಗೂ ಕೌಂಟ್ ಬೀಳುತ್ತದೆ. ದೋಷ ಔಷಧದ್ದೋ ಜ್ವರದ್ದೋ ಎಂದು ತೀರ್ಮಾನವಾಗುವವರೆಗೆ ಮೇಲಿನ ಗೆರೆಗಳನ್ನೇ ಪಾಲಿಸಿ. ಫಿಟ್ಸ್ ಔಷಧವಾದ ಕಾರ್ಬಮಜೆಪಿನ್ ಜೊತೆಗೆ ಕ್ಲೋಜಪಿನ್ ಬೇಡವೇ ಬೇಡ, ಎರಡೂ ಬಿಳಿ ಕಣಕ್ಕೆ ಕುತ್ತು. ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯಾಟಿಕ್ ಕೂಡ ತಪ್ಪಿಸಿ. ಲಿಥಿಯಂ ಜೊತೆಗಿದ್ದರೆ ಅದು ನ್ಯೂಟ್ರೋಫಿಲ್ ಅಂಕಿಯನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ ಎಂಬುದು ನೆನಪಿರಲಿ.

ಇಷ್ಟು ಹೇಳಿದ ಮೇಲೆ, ನಮ್ಮನ್ನು ಹೆಚ್ಚು ಕಾಡುವ ವಿಷಯಕ್ಕೆ ಬರಬೇಕು. ರಕ್ತದ ಮೇಲೆ ಇಟ್ಟಷ್ಟು ಕಣ್ಣನ್ನು ನಾವು ರೋಗಿಯ ಹೊಟ್ಟೆಯ ಮೇಲೆ ಇಟ್ಟಿಲ್ಲ. ಕ್ಲೋಜಪಿನ್ ದೊಡ್ಡ ಕರುಳಿನ ಚಲನೆಯನ್ನೇ ನಿಧಾನ ಮಾಡುತ್ತದೆ. ನ್ಯೂಜಿಲೆಂಡಿನಿಂದ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇರೆ ಆಂಟಿಸೈಕೋಟಿಕ್ (ಸ್ಕಿಜೋಫ್ರೀನಿಯಾದಂಥ ಕಾಯಿಲೆಗಳ ಔಷಧ) ತೆಗೆದುಕೊಳ್ಳುವವರ ದೊಡ್ಡ ಕರುಳನ್ನು ಆಹಾರ ದಾಟಲು ಸುಮಾರು 23 ಗಂಟೆ ಹಿಡಿದರೆ, ಕ್ಲೋಜಪಿನ್ ತೆಗೆದುಕೊಳ್ಳುವವರಲ್ಲಿ 104 ಗಂಟೆ. ನಾಲ್ಕು ದಿನಕ್ಕೂ ಮೇಲೆ! 2008ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ, ಕರುಳು ಸ್ತಬ್ಧವಾಗಿ ಜೀವಕ್ಕೇ ಕುತ್ತಾದ 102 ಪ್ರಕರಣಗಳಲ್ಲಿ ನಾಲ್ಕಕ್ಕೊಂದಕ್ಕೂ ಹೆಚ್ಚು ಮಂದಿ ಉಳಿಯಲಿಲ್ಲ. ಇದಕ್ಕೆ 18 ವಾರದ ಗಡಿಯಿಲ್ಲ, ಹತ್ತನೇ ವರ್ಷದಲ್ಲೂ ಆಗಬಹುದು.

ರೋಗಿ ತಾನಾಗಿ ಹೇಳುವುದಿಲ್ಲ. "ತೊಂದರೆ ಏನಾದರೂ ಇದೆಯಾ?" ಎಂದರೆ "ಇಲ್ಲ" ಎನ್ನುತ್ತಾನೆ. "ಮೋಷನ್ ದಿನಾ ಆಗ್ತಿದೆಯಾ? ಕೊನೇ ಸಲ ಯಾವತ್ತು ಆಯ್ತು? ಗಟ್ಟಿ ಇತ್ತಾ?" ಎಂದು ಕೇಳಿ. ಜೊತೆಗೆ ಬಂದ ತಾಯಿಯನ್ನು "ಅಮ್ಮಾ, ಟಾಯ್ಲೆಟ್‌ನಲ್ಲಿ ತುಂಬ ಹೊತ್ತು ಕೂತಿರ್ತಾನಾ?" ಎಂದು ಕೇಳಿ. ಹೊಟ್ಟೆ ಮುಟ್ಟಿ ನೋಡಿ. ಔಷಧದ ಮೊದಲ ದಿನದಿಂದಲೇ ಭೇದಿ ಮಾತ್ರೆ ಜೊತೆಗಿರಲಿ: ರಾತ್ರಿ ಸೆನ್ನಾ ಅಥವಾ ಬಿಸಾಕೋಡಿಲ್ 5–10 ಮಿ.ಗ್ರಾಂ., ಸಾಲದಿದ್ದರೆ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಅಥವಾ ಲ್ಯಾಕ್ಟುಲೋಸ್. ನಮ್ಮ ಮನೆಗಳಲ್ಲಿ ಎಲ್ಲರ ಕೈ ಹೋಗುವುದು ಇಸಬಗೋಲಿಗೆ. ಅದು ಮಲದ ಗಾತ್ರ ಹೆಚ್ಚಿಸುತ್ತದೆ, ಕರುಳನ್ನು ತಳ್ಳುವುದಿಲ್ಲ. ಚಲನೆಯೇ ನಿಂತ ಕರುಳಿನಲ್ಲಿ ಅದು ಬಿರಡೆಯಂತೆ ಕೂರಬಹುದು, ಆದ್ದರಿಂದ ಕ್ಲೋಜಪಿನ್ ರೋಗಿಗೆ ಬೇಡ ಎಂದು ಹೇಳಿ.

ಮತ್ತೊಂದು ಮಾತ್ರೆಯನ್ನು ಚೀಟಿಯಲ್ಲಿ ಹುಡುಕಿ: ಟ್ರೈಹೆಕ್ಸಿಫೆನಿಡಿಲ್. ಹಿಂದಿನ ಔಷಧದಿಂದ ಕೈ ನಡುಗುತ್ತಿದ್ದಾಗ ಶುರು ಮಾಡಿದ್ದು, ಔಷಧ ಬದಲಾದರೂ ಚೀಟಿಯಿಂದ ಚೀಟಿಗೆ ನಕಲಾಗುತ್ತಲೇ ಇರುತ್ತದೆ. ಕ್ಲೋಜಪಿನ್ ಒಂದರಿಂದ ನಡುಕ, ಬಿಗಿತ ಬರುವುದು ಅಪರೂಪ, ಈ ಮಾತ್ರೆ ಕರುಳನ್ನು ಇನ್ನಷ್ಟು ಕಟ್ಟಿಹಾಕುತ್ತದೆ. ಹಳೆಯ ಆಂಟಿಸೈಕೋಟಿಕ್ ನಿಂತಿದ್ದರೆ ಮನೋವೈದ್ಯರನ್ನು ಕೇಳಿ ನಿಧಾನವಾಗಿ ತೆಗೆಯಿರಿ. ಮೂರು ದಿನ ಮೋಷನ್ ಆಗಿಲ್ಲ, ಹೊಟ್ಟೆ ಉಬ್ಬಿದೆ, ನೋವು, ವಾಂತಿ ಎಂದರೆ ಕ್ಲೋಜಪಿನ್ ತಡೆದು ಎಕ್ಸ್‌ರೇ ತೆಗೆಸಿ, ಸರ್ಜನ್‌ಗೆ ತೋರಿಸಿ. ಕಟ್ಟಿಕೊಂಡ ಮಲದ ಪಕ್ಕದಿಂದ ನೀರಿನಂತೆ ಸೋರುವುದನ್ನು ಭೇದಿ ಎಂದುಕೊಂಡು, ಅದನ್ನು ನಿಲ್ಲಿಸುವ ಲೋಪೆರಮೈಡ್ ಕೊಟ್ಟರೆ ಅನಾಹುತ.

ಮೊದಲ ತಿಂಗಳ ಜ್ವರಕ್ಕೆ ಇನ್ನೊಂದು ಅರ್ಥವೂ ಇರಬಹುದು: ಹೃದಯ ಸ್ನಾಯುವಿನ ಉರಿಯೂತ. ಹೆಚ್ಚಾಗಿ ಎರಡನೇ, ಮೂರನೇ ವಾರದಲ್ಲಿ. ಟ್ರೋಪೋನಿನ್ (ಹೃದಯ ಸ್ನಾಯುವಿನ ಹಾನಿ ತೋರಿಸುವ ರಕ್ತಪರೀಕ್ಷೆ) ಮತ್ತು ಸಿ.ಆರ್.ಪಿ. (ಉರಿಯೂತ ತೋರಿಸುವ ರಕ್ತಪರೀಕ್ಷೆ) ಸಿಗುವ ಕಡೆ ಆರಂಭದಲ್ಲಿ ಒಮ್ಮೆ, ಆಮೇಲೆ 7, 14, 21, 28ನೇ ದಿನ ನೋಡಿ. ಟ್ರೋಪೋನಿನ್ ಮೇಲಿನ ಮಿತಿಯ ಎರಡು ಪಟ್ಟು ದಾಟಿದರೆ ಅಥವಾ ಸಿ.ಆರ್.ಪಿ. 100 ದಾಟಿದರೆ ಔಷಧ ನಿಲ್ಲಿಸಿ, ಎಕೋಗೆ ಕಳುಹಿಸಿ. ಈ ಪರೀಕ್ಷೆಗಳಿಲ್ಲದ ಕಡೆ ನಾಡಿ ಎಣಿಸುವುದಕ್ಕಾದರೂ ಅಡ್ಡಿಯಿಲ್ಲ. ಮೊದಲಿಗಿಂತ 30 ಹೆಚ್ಚಾದರೆ ಅಥವಾ 120 ಮುಟ್ಟಿದರೆ ಸುಮ್ಮನಿರಬೇಡಿ. ಡೋಸ್ ಬೇಗ ಏರಿಸಿದಷ್ಟೂ ಈ ಅಪಾಯ ಹೆಚ್ಚು. ಎರಡು ವಾರದಲ್ಲಿ 300–450 ಮಿ.ಗ್ರಾಂ. ಮುಟ್ಟಿಸುವ ಅಮೆರಿಕದ ವೇಗ ನಮ್ಮವರಿಗೆ ಸರಿಹೊಂದದು. ಪಾಕಿಸ್ತಾನದಿಂದ ಜಪಾನ್‌ವರೆಗಿನ ಏಷ್ಯದ ಜನ ಈ ಔಷಧವನ್ನು ನಿಧಾನವಾಗಿ ಕರಗಿಸುತ್ತಾರೆ ಎಂದು 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ನಿಧಾನಗತಿಯನ್ನೇ ಹೇಳಿದೆ.

ಬೀಡಿಯ ವಿಷಯವನ್ನೂ ಕೇಳಿ. ತಂಬಾಕಿನ ಹೊಗೆ ಕ್ಲೋಜಪಿನ್ ಕರಗಿಸುವ ಯಕೃತ್ತಿನ ಕಿಣ್ವವನ್ನು ಚುರುಕುಗೊಳಿಸುತ್ತದೆ. ದಿನಕ್ಕೊಂದು ಕಟ್ಟು ಸೇದುವವನು ವಾರ್ಡಿಗೆ ಸೇರಿ ಬೀಡಿ ಬಿಟ್ಟರೆ, ಅದೇ ಡೋಸ್‌ನಲ್ಲಿ ಒಂದು ವಾರದೊಳಗೆ ರಕ್ತದ ಮಟ್ಟ ಏರಿ ಮಂಪರು, ಜೊಲ್ಲು, ಫಿಟ್ಸ್ ಬರಬಹುದು. ಕೆಲಸ ಮಾಡುವುದು ಹೊಗೆ, ನಿಕೋಟಿನ್ ಅಲ್ಲ. ಕಡ್ಡಿಪುಡಿ, ಗುಟ್ಕಾದಿಂದ ಈ ವ್ಯತ್ಯಾಸ ಆಗದು. ಸಿಪ್ರೋಫ್ಲಾಕ್ಸಾಸಿನ್ ಅದೇ ಕಿಣ್ವವನ್ನು ತಡೆಯುತ್ತದೆ. ಮೂತ್ರದ ಸೋಂಕಿಗೆಂದು ಅದನ್ನು ಬರೆಯುವ ಮೊದಲು ರೋಗಿಯ ಮನೋರೋಗ ಔಷಧದ ಚೀಟಿ ನೋಡಿ, ಬೇರೆ ಆಂಟಿಬಯಾಟಿಕ್ ಆರಿಸಿ.

ಇನ್ನು ತಪ್ಪಿದ ಪರೀಕ್ಷೆಯ ವಿಷಯ. ಹಬ್ಬ, ಜಾತ್ರೆ, ಕೊಯ್ಲಿನ ಕಾಲದಲ್ಲಿ ರೋಗಿ ರಕ್ತ ಕೊಡಲು ಬಾರದೆ ಹೋಗಬಹುದು. "ವರದಿ ತಾ, ಆಮೇಲೆ ಮಾತ್ರೆ" ಎಂದು ಹಿಂದಕ್ಕೆ ಕಳುಹಿಸಿದರೆ ಏನಾಗುತ್ತದೆ ನೋಡಿ. 48 ಗಂಟೆ ದಾಟಿ ಮಾತ್ರೆ ತಪ್ಪಿದರೆ ಹಳೆಯ 300 ಮಿ.ಗ್ರಾಂ. ಅನ್ನು ಒಮ್ಮೆಲೇ ಕೊಡುವಂತಿಲ್ಲ. ರಕ್ತದೊತ್ತಡ ಕುಸಿದು ಬೀಳಬಹುದು, ಉಸಿರಾಟಕ್ಕೂ ತೊಂದರೆಯಾಗಬಹುದು. ಮತ್ತೆ 12.5 ಮಿ.ಗ್ರಾಂ., ಅಂದರೆ 25ರ ಅರ್ಧ ಮಾತ್ರೆಯಿಂದ ಮೆಟ್ಟಿಲು ಹತ್ತಬೇಕು. ಅಷ್ಟರಲ್ಲಿ ಧ್ವನಿಗಳು ಮರಳಿ ಬಂದಿರುತ್ತವೆ, ಮನೆಯವರು ವರ್ಷಗಳ ಹಿಂದಿನ ಸ್ಥಿತಿಗೆ ವಾಪಸು. ಅದಕ್ಕೇ ಸ್ಥಿರವಾಗಿರುವ ಹಳೆಯ ರೋಗಿಗೆ ಒಂದು ವಾರದ ಮಾತ್ರೆ ಕೊಟ್ಟು, ಅಂದೇ ಲ್ಯಾಬ್‌ಗೆ ಕಳುಹಿಸಿ, ವರದಿಯ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಆದರೆ 18 ವಾರ ದಾಟದ ಹೊಸ ರೋಗಿಯಾದರೆ ಅಂದೇ ರಕ್ತ ತೆಗೆಸಿ, ವರದಿ ಬರುವವರೆಗೆ ಅವನನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿಕೊಳ್ಳಿ.