ಓದುಗರ ಪ್ರಶ್ನೆ: ಕ್ಯಾಮೆರಾ ಹಿಡಿದವರನ್ನು ಜನ ಅಷ್ಟು ಹತ್ತಿರ ಹೇಗೆ ಬಿಟ್ಟುಕೊಳ್ಳುತ್ತಾರೆ?

ಪ್ರಶ್ನೆ: ಡಾಕ್ಯುಮೆಂಟರಿ ಫೋಟೋಗಳಲ್ಲಿ ಜನ ಅಳುತ್ತಿರುತ್ತಾರೆ, ಕಾಯಿಲೆ ಬಿದ್ದು ಮಲಗಿರುತ್ತಾರೆ, ಸ್ನಾನ ಕೂಡ ಮಾಡುತ್ತಿರುತ್ತಾರೆ. ಗುರುತು ಪರಿಚಯ ಇಲ್ಲದವರ ಮುಂದೆ ಇದಕ್ಕೆಲ್ಲ ಹೇಗೆ ಒಪ್ಪುತ್ತಾರೆ? ದುಡ್ಡು ಕೊಡುತ್ತಾರಾ?

ಉತ್ತರ: ಗುರುತು ಪರಿಚಯ ಇಲ್ಲದವರ ಮುಂದೆ ಯಾರೂ ಒಪ್ಪುವುದಿಲ್ಲ. ನೀವು ಹೇಳುವಂಥ ಚಿತ್ರ ಸಿಗುವ ಹೊತ್ತಿಗೆ ಫೋಟೋಗ್ರಾಫರ್ ಆ ಮನೆಗೆ ಹೊಸಬರಾಗಿ ಉಳಿದಿರುವುದಿಲ್ಲ. ಇನ್ನು ದುಡ್ಡು. ಸುದ್ದಿ ಪತ್ರಿಕೆಗಳ ಶಿಸ್ತಿನಲ್ಲಿ ಚಿತ್ರಕ್ಕೆ ಹಣ ಕೊಡುವುದು ಸಲ್ಲದು. ವರ್ಷಗಟ್ಟಲೆ ಒಡನಾಟ ಬೆಳೆದಾಗ ಔಷಧಿಗೆ, ಶಾಲೆಯ ಫೀಸಿಗೆ ನೆರವಾಗುವುದು ಬೇರೆ ಮಾತು.

ಹಾಗಾದರೆ ಬಾಗಿಲು ತೆರೆಯುವುದು ಹೇಗೆ? ನನಗೆ ಗೊತ್ತಿರುವುದರಲ್ಲಿ ಅತ್ಯುತ್ತಮ ಉದಾಹರಣೆ ದೆಹಲಿಯ ಫೋಟೋಗ್ರಾಫರ್ ದಯನಿತಾ ಸಿಂಗ್ ಅವರದು. 1989ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಹಿಜ್ರಾ ಸಮುದಾಯದ ಬಗ್ಗೆ ಚಿತ್ರ ತೆಗೆಯುವ ಅಸೈನ್‌ಮೆಂಟ್ ಕೊಟ್ಟಿತ್ತು. ಆಗ ಹಳೆ ದೆಹಲಿಯಲ್ಲಿ ಮೋನಾ ಅಹ್ಮದ್ ಅವರ ಪರಿಚಯವಾಯಿತು. ಮೋನಾ ಸಂತೋಷದಿಂದಲೇ ಫೋಟೋ ತೆಗೆಸಿಕೊಂಡರು. ಆಮೇಲೆ ಅದು ಲಂಡನ್ನಿನಲ್ಲಿ ಅಚ್ಚಾಗುತ್ತದೆ ಎಂದು ತಿಳಿಯಿತು. ಅಲ್ಲಿ ಅವರ ಬಂಧುಗಳಿದ್ದರು. ಫಿಲ್ಮ್ ರೋಲ್ ವಾಪಸ್ ಕೊಡು ಎಂದರು. ದಯನಿತಾ ಕೊಟ್ಟುಬಿಟ್ಟರು.

ಆಗಿನ್ನೂ ಹೆಸರು ಮಾಡುತ್ತಿದ್ದ ಫೋಟೋಗ್ರಾಫರ್ ಒಬ್ಬರು ಮಾಡಿದ ಕೆಲಸವನ್ನೇ ಒಪ್ಪಿಸಿ ಬರಿಗೈಯಲ್ಲಿ ಹೋಗುವುದು ಸುಲಭವಲ್ಲ. ಆದರೆ ಅವರ ಗೆಳೆತನ ಶುರುವಾದದ್ದೇ ಅಲ್ಲಿಂದ. ಮೋನಾ ಒಂದು ಹೆಣ್ಣು ಮಗುವನ್ನು ದತ್ತು ತೆಗೆದುಕೊಂಡಾಗ, ಮಗುವಿನ ಹುಟ್ಟುಹಬ್ಬಕ್ಕೆ ದೊಡ್ಡ ಔತಣ ಇಟ್ಟಾಗ, ಆ ಮಗು ಕೈತಪ್ಪಿ ಹೋದಾಗ, ಸಮುದಾಯದಿಂದ ಹೊರಬಿದ್ದು ಸ್ಮಶಾನದಲ್ಲಿ ಮನೆ ಕಟ್ಟಿಕೊಂಡು ಬದುಕಿದಾಗ, ಎಲ್ಲ ಕಾಲದಲ್ಲೂ ದಯನಿತಾ ಬಂದು ಹೋಗುತ್ತಿದ್ದರು. 2001ರಲ್ಲಿ ಬಂದ ‘ಮೈಸೆಲ್ಫ್ ಮೋನಾ ಅಹ್ಮದ್’ ಪುಸ್ತಕದಲ್ಲಿ ಕಥೆ ಹೇಳುವವರೂ ಮೋನಾ ಅವರೇ. ಪ್ರಕಾಶಕರಿಗೆ ಅವರು ಕಳಿಸಿದ ಇಮೇಲ್‌ಗಳೇ ಅದರ ಪಠ್ಯ. 2017ರಲ್ಲಿ ಮೋನಾ ತೀರಿಕೊಳ್ಳುವವರೆಗೂ ಆ ಸ್ನೇಹ ನಡೆಯಿತು.

ಪತ್ರಿಕೆ ಹೇಳಿದ ಕೆಲಸದ ಜೊತೆ ಫೋಟೋಗ್ರಾಫರಿಗೆ ತಾನೇ ಆರಿಸಿಕೊಂಡ ಪರ್ಸನಲ್ ಪ್ರಾಜೆಕ್ಟ್ ಯಾಕೆ ಬೇಕು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಅಸೈನ್‌ಮೆಂಟಿಗೆ ಗಡುವು ಇರುತ್ತದೆ, ಸಂಪಾದಕರು ಕಾಯುತ್ತಿರುತ್ತಾರೆ, ಕೊಟ್ಟ ಮಾತು ಅವರ ಕಡೆಗಿರುತ್ತದೆ. ತನ್ನದೇ ಕೆಲಸವಾದರೆ ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ ಎನ್ನಬಹುದು. ಕ್ಯಾಮೆರಾ ಹೊರಗೆ ತೆಗೆಯದೆ ಬರೀ ಚಹಾ ಕುಡಿದು ಬರಬಹುದು. ಹೊಟ್ಟೆಪಾಡಿಗೆ ಮಾತ್ರ ಬೇರೆ ಕೆಲಸ ಬೇಕು. ಅಮೆರಿಕದ ಫೋಟೋಗ್ರಾಫರ್ ಮೇರಿ ಎಲೆನ್ ಮಾರ್ಕ್ ಸಿನಿಮಾ ಸೆಟ್ಟುಗಳಲ್ಲಿ ಸ್ಟಿಲ್ ತೆಗೆಯುತ್ತಿದ್ದರು. ಅಂಥ ಒಂದು ಚಿತ್ರೀಕರಣಕ್ಕೆಂದು ಆರೆಗನ್ ರಾಜ್ಯದ ಮಾನಸಿಕ ಆಸ್ಪತ್ರೆಗೆ ಹೋದವರು, ಅಲ್ಲಿ ಹೆಂಗಸರನ್ನು ಬೀಗ ಹಾಕಿ ಇಟ್ಟಿದ್ದ ವಾರ್ಡ್ ಕಂಡು, 1976ರಲ್ಲಿ ಮತ್ತೆ ಬಂದು 36 ದಿನ ಅವರ ನಡುವೆಯೇ ಕಳೆದರು.

ಮುಂಬಯಿಯ ಫಾಕ್‌ಲ್ಯಾಂಡ್ ರೋಡಿನಲ್ಲಿ ಅವರಿಗೆ ಇನ್ನೂ ಕಷ್ಟವಾಯಿತು. ವೇಶ್ಯಾವಾಟಿಕೆಗಳ ಆ ಬೀದಿಗೆ ಹೋದಾಗಲೆಲ್ಲ ಹೆಂಗಸರು ಕಸ ಎಸೆದು, ನೀರು ಎರಚಿ ಓಡಿಸುತ್ತಿದ್ದರು. ಸುಮಾರು ಹತ್ತು ವರ್ಷದ ಮೇಲೆ, 1978ರಲ್ಲಿ, ದಿನವೂ ಅಲ್ಲೇ ಹೋಗಿ ನಿಂತರು. ಇವಳಿಗೆ ಹುಚ್ಚು ಎಂದುಕೊಂಡವರಲ್ಲೇ ಕೆಲವರು ನಿಧಾನವಾಗಿ ಸ್ನೇಹಿತರಾದರು. 1981ರಲ್ಲಿ ಪುಸ್ತಕ ಬಂತು. ಆ ಚಿತ್ರಗಳನ್ನು ನೋಡುವಾಗ ನನ್ನ ಮನಸ್ಸು ಎರಡಾಗುತ್ತದೆ. ಅವುಗಳಲ್ಲಿರುವ ಸಲುಗೆ ಸುಳ್ಳಲ್ಲ. ಆದರೆ ಅಲ್ಲಿ ತೀರ ಎಳೆಯ ಹುಡುಗಿಯರೂ ಇದ್ದಾರೆ. ಬದುಕಿನಲ್ಲಿ ಯಾವುದಕ್ಕೂ ಬೇಡ ಎನ್ನುವ ಅವಕಾಶ ಇಲ್ಲದವರು ಕ್ಯಾಮೆರಾಕ್ಕೆ ಮಾತ್ರ ಮನಸಾರೆ ಹೂಂ ಎಂದರು ಎಂದು ನಂಬುವುದು ಹೇಗೆ? ಬೀಗ ಹಾಕಿದ ವಾರ್ಡಿನ ಚಿತ್ರಗಳಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಸಲುಗೆ ಇದೆ ಎಂದ ಮಾತ್ರಕ್ಕೆ ಒಪ್ಪಿಗೆ ಇದೆ ಎಂದಲ್ಲ.

ಸ್ನಾನದ ಚಿತ್ರ ಎಂದಿರಿ. ಬಹುಶಃ ನಿಮ್ಮ ಮನಸ್ಸಿನಲ್ಲಿರುವುದು ಜಪಾನಿನ ಮಿನಮಾಟದ ಚಿತ್ರ. ಚಿಸ್ಸೊ ಕಂಪನಿಯ ಕಾರ್ಖಾನೆ ಸಮುದ್ರಕ್ಕೆ ಬಿಟ್ಟ ಪಾದರಸದಿಂದಾಗಿ ಟೊಮೊಕೊ ಎಂಬ ಹುಡುಗಿ ತಾಯಿಯ ಗರ್ಭದಲ್ಲಿದ್ದಾಗಲೇ ಅಂಗವಿಕಲೆಯಾದಳು. ಅಮೆರಿಕದ ಫೋಟೋಗ್ರಾಫರ್ ಯೂಜೀನ್ ಸ್ಮಿತ್ ಮತ್ತು ಅವರ ಪತ್ನಿ ಐಲೀನ್ 1971ರಲ್ಲಿ ಆ ಊರಿಗೇ ಹೋಗಿ ನೆಲೆಸಿದರು. ಸುಮಾರು ಮೂರು ವರ್ಷ ಇದ್ದರು. ತಾಯಿ ಮಗಳನ್ನು ತೋಳಲ್ಲಿ ಹಿಡಿದು ಸ್ನಾನ ಮಾಡಿಸುವ ಚಿತ್ರ ತೆಗೆದದ್ದು 1971ರ ಡಿಸೆಂಬರಿನಲ್ಲಿ, ಮನೆಯವರ ಒಪ್ಪಿಗೆಯಿಂದಲೇ. ಜಗತ್ತು ಮಿನಮಾಟದ ಕಡೆ ತಿರುಗಿ ನೋಡುವಂತೆ ಮಾಡಿದ್ದರಲ್ಲಿ ಅದರ ಪಾಲು ದೊಡ್ಡದು. ಟೊಮೊಕೊ 1977ರಲ್ಲಿ, 21ನೇ ವಯಸ್ಸಿಗೆ ತೀರಿಕೊಂಡಳು. ಚಿತ್ರ ಮಾತ್ರ ಮತ್ತೆ ಮತ್ತೆ ಅಚ್ಚಾಗುತ್ತಲೇ ಇತ್ತು. ಇನ್ನಾದರೂ ಮಗಳಿಗೆ ವಿಶ್ರಾಂತಿ ಸಿಗಲಿ ಎಂಬುದು ಹೆತ್ತವರ ಆಸೆಯಾಗಿತ್ತು. 1998ರಲ್ಲಿ ಐಲೀನ್ ಆ ಚಿತ್ರವನ್ನು ಏನು ಮಾಡಬೇಕೆಂದು ನಿರ್ಧರಿಸುವ ಹಕ್ಕನ್ನು ಅವರಿಗೇ ಒಪ್ಪಿಸಿದರು. ಆಮೇಲೆ ಎಷ್ಟೋ ವರ್ಷ ಹೊಸ ಪ್ರಕಟಣೆಗಳಿಗೆ ಅದು ಸಿಗಲಿಲ್ಲ. ಇಪ್ಪತ್ತನೇ ಶತಮಾನದ ಅತಿ ಪ್ರಸಿದ್ಧ ಚಿತ್ರಗಳಲ್ಲೊಂದನ್ನು ಹೀಗೆ ಹಿಂದಕ್ಕೆ ತೆಗೆದುಕೊಂಡದ್ದು ಸರಿ ಎಂದೇ ನನ್ನ ಅಭಿಪ್ರಾಯ. ಒಪ್ಪಿಗೆ ಒಮ್ಮೆ ಕೊಟ್ಟ ಮೇಲೂ ಕೊಟ್ಟವರದೇ.

ಕಾಣಿಸಿಕೊಳ್ಳುವ ಆಸೆ ಚಿತ್ರದಲ್ಲಿರುವವರದೇ ಆಗಿರುವ ಉದಾಹರಣೆಯೂ ನಮ್ಮಲ್ಲಿದೆ. ಬೆಂಗಳೂರಿನಲ್ಲಿ ಪೊಲೀಸ್ ಕಾನ್‌ಸ್ಟೆಬಲ್ ಆಗಿದ್ದ ಶಿವರಾಜು, ಕಲಾಲೋಕದಲ್ಲಿ ಕಾಪ್ ಶಿವ, ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು ಗಾಂಧಿಯಾಗಿ ನಿಲ್ಲುವ ಹಳ್ಳಿ ಶಾಲೆಯ ಮೇಷ್ಟ್ರೊಬ್ಬರ ಚಿತ್ರಸರಣಿ ಮಾಡಿದ್ದಾರೆ. ಅಲ್ಲಿ ಆ ವೇಷ, ಆ ನಿಲುವು, ಜನರ ಮುಂದೆ ಹೋಗುವ ಹಟ ಎಲ್ಲವೂ ಮೇಷ್ಟ್ರದೇ.

ನೀವೂ ಇಂಥ ಕೆಲಸಕ್ಕೆ ಇಳಿಯುವುದಾದರೆ, ತೆಗೆಯಲಾ ಎಂದು ಕೇಳಿದರೆ ಸಾಲದು. ಎಲ್ಲಿ ಹಾಕುತ್ತೀರಿ, ಯಾರು ನೋಡುತ್ತಾರೆ ಎಂಬುದನ್ನೂ ಹೇಳಿ. ಮೋನಾ ಅವರಿಗೆ ಕ್ಯಾಮೆರಾ ತೊಂದರೆಯಾಗಿರಲಿಲ್ಲ, ಲಂಡನ್ ತೊಂದರೆಯಾಗಿತ್ತು. ಈಗ ವಾಟ್ಸಾಪ್‌ನಲ್ಲಿ ಬಿಟ್ಟ ಚಿತ್ರ ಸಂಜೆಯೊಳಗೆ ಅವರ ಬೀಗರ ಮನೆ ತಲುಪಿರುತ್ತದೆ. ಪ್ರಿಂಟ್ ಹಾಕಿಸಿ ಮೊದಲು ಅವರ ಕೈಗೆ ಕೊಡಿ. ಇದು ಬೇಡ ಎಂದು ಅವರು ಪಕ್ಕಕ್ಕಿಟ್ಟದ್ದು ನಿಮ್ಮ ಅತ್ಯುತ್ತಮ ಚಿತ್ರವೇ ಆಗಿದ್ದರೂ ಬಿಟ್ಟುಬಿಡಿ, ಮುಂದಿನ ವಾರ ಮತ್ತೆ ಹೋಗಿ.